ಹನ್ನೊಂದು ಕಡ್ಡಿ

"ಅಕ್ಕಾ, ಮೊದಲನೇ ಡಬ್ಬಿ ತನ್ನಿ!"

ಡಾಕ್ಟರಮ್ಮ ಹೀಗೆ ಕೂಗಿದರೆ ಆ ಹಲ್ಲಿನ ಕ್ಲಿನಿಕ್ಕಿನಲ್ಲಿ ಅದಕ್ಕೆ ಒಂದೇ ಅರ್ಥ: ಕುರ್ಚಿಯಲ್ಲಿ ಮಲಗಿದವರ ಹಲ್ಲು ತೂತು, ಜೇಬೂ ತೂತು, ಈಗೊಂದು ಸುಳ್ಳು ಹೇಳಬೇಕಾಗಿದೆ.

ಸುಳ್ಳುಗಳು ಒಟ್ಟು ಮೂರು. ಮೊದಲನೇ ಡಬ್ಬಿ ಎಂದರೆ, "ಈ ಔಷಧದ ಅವಧಿ ಇದೇ ತಿಂಗಳು ಮುಗಿಯುತ್ತೆ, ನಿಮಗೆ ಹಾಕದಿದ್ರೆ ಕಸದ ಬುಟ್ಟಿಗೇ." ಎರಡನೆಯದು, "ಕಂಪನಿಯವರು ಸ್ಯಾಂಪಲ್ ಕೊಟ್ಟು ಹೋಗಿದಾರೆ, ನಿಮ್ಮದೇ ಬೋಣಿ." ಮೂರನೆಯದು ತೀರಾ ಬಿಗಿ ಕುತ್ತಿಗೆಯ ಸ್ವಾಭಿಮಾನಿಗಳಿಗೆ: "ಹೆಸರು ಹೇಳಬೇಡಿ ಅಂತ ಒಬ್ಬರು ಪುಣ್ಯಾತ್ಮರು ಇಂಥದ್ದಕ್ಕೇ ಅಂತ ದುಡ್ಡು ಇಟ್ಟಿದಾರೆ." ಆ ಪುಣ್ಯಾತ್ಮರು ಡಾಕ್ಟರಮ್ಮನ ಬಿಳಿ ಕೋಟಿನೊಳಗೇ ನಿಂತಿದ್ದಾರೆಂದು ಗೊತ್ತಿದ್ದದ್ದು ಗಿಳಿಯಕ್ಕನೊಬ್ಬಳಿಗೆ.

ಗಿಳಿಯಕ್ಕ ಹನ್ನೆರಡು ವರ್ಷದಿಂದ ಅಲ್ಲಿ ಸಹಾಯಕಿ. ಉಪಕರಣ ಕುದಿಸುವುದು, ಎಂಜಲು ಹೀರುವ ಕೊಳವೆ ಹಿಡಿಯುವುದು, ಚೀಟಿ ಬರೆಯುವುದು ಎಲ್ಲ ಅವಳೇ. ಆದರೆ ಹೆಸರು ಬಂದದ್ದು ಬೇರೆ ವಿದ್ಯೆಯಿಂದ. ಯಾರೇ ಬಂದು ಹೋಗಲಿ, ಬಾಗಿಲು ಮುಚ್ಚಿದ ಮರುಕ್ಷಣ ಅವರ ದನಿ ಇವಳ ಗಂಟಲಲ್ಲಿ ಕೂತಿರುತ್ತಿತ್ತು. ಬಾಯಲ್ಲಿ ಹತ್ತಿ ತುಂಬಿಕೊಂಡು ಅತ್ತೆಯನ್ನು ಬೈದ ಮೇಷ್ಟ್ರು, ಇಂಜೆಕ್ಷನ್ ಕಂಡೊಡನೆ ಮೇಕೆಯಾಗುವ ಪೈಲ್ವಾನರು, ಯಾರನ್ನೂ ಬಿಟ್ಟವಳಲ್ಲ. ಡಾಕ್ಟರಮ್ಮನನ್ನೂ. "ಸುಳ್ಳು ಹೇಳುವಾಗ ನಿಮ್ಮ ದನಿ ಅರ್ಧ ಮೆಟ್ಟಿಲು ಮೇಲಕ್ಕೆ ಹತ್ತುತ್ತೆ ಮೇಡಮ್" ಎಂದು ಹತ್ತಿಸಿಯೇ ತೋರಿಸಿದ್ದಳು.

ಡಾಕ್ಟರಮ್ಮ ಮೊದಲು ನಿಜವನ್ನೇ ಹೇಳಿ ನೋಡಿದ್ದಳು. ಕ್ಲಿನಿಕ್ಕು ತೆರೆದ ವರ್ಷ, ಬಟ್ಟೆ ಇಸ್ತ್ರಿ ಮಾಡುವ ಹೆಂಗಸೊಬ್ಬಳಿಗೆ "ದುಡ್ಡು ಬೇಡಮ್ಮ, ಹಾಗೇ ಮಾಡಿಕೊಡ್ತೀನಿ" ಅಂದಿದ್ದಳು. ಆಕೆ ಕುರ್ಚಿಯಿಂದ ಮೆಲ್ಲಗೆ ಇಳಿದು, "ಯೋಚನೆ ಮಾಡಿ ಬರ್ತೀನಿ" ಅಂದವಳು ಬರಲಿಲ್ಲ. ಆಮೇಲೆ ಬೀದಿಯಲ್ಲಿ ಎದುರಾದರೆ ರಸ್ತೆಯ ಆ ಬದಿಗೆ ದಾಟುತ್ತಿದ್ದಳು. ಒಂದು ಕಡೆಯ ಕೆನ್ನೆ ಒಳಕ್ಕೆ ಇಳಿದಿತ್ತು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬುದು ಹಳೆಯ ಲೆಕ್ಕ. ಡಾಕ್ಟರಮ್ಮ ದಿನಾ ನೋಡುತ್ತಿದ್ದದ್ದು ಕಡಲೆಗಾಗಿ ದುಡಿದು ಹಲ್ಲನ್ನೇ ಕಳಕೊಂಡವರನ್ನು. ಅವರ ಮರ್ಯಾದೆ ಉಳಿಯಲಿ, ಹಲ್ಲೂ ಉಳಿಯಲಿ ಎಂದು ಸುಳ್ಳಿಗೆ ಬೆಲ್ಲ ಸವರಲು ಕಲಿತಳು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಸಿಕ್ಕಿಬಿದ್ದಿರಲಿಲ್ಲ.

ಇವತ್ತು ಕುರ್ಚಿಯಲ್ಲಿದ್ದವನು ಐವತ್ತು ದಾಟಿದ, ಒಣಕಲು ಮೈಯ, ಇಸ್ತ್ರಿಯ ಗೆರೆ ಮುರಿಯದ ಅಂಗಿಯ ಮನುಷ್ಯ. ಕೆಳಗಿನ ಎಡಬದಿಯ ದವಡೆಹಲ್ಲು ಕೊಳೆತು, ಕೀವು ಬೇರಿನಾಚೆ ಹೊರಟಿತ್ತು. ದವಡೆಯ ಕೆಳಗಿನ ಬಾವು ಒತ್ತಿದರೆ ಮರದ ಹಲಗೆಯ ಹಾಗೆ. ಹದಿನೈದು ದಿನದ ಹಿಂದೆ ಇನ್ನೊಬ್ಬ ಡಾಕ್ಟರು ಕೊಟ್ಟ ಮಾತ್ರೆಯನ್ನು ಎರಡು ದಿನ ನುಂಗಿ, ನೋವು ಹೋಯಿತೆಂದು ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಟ್ಟಿದ್ದನಂತೆ. ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು ಡಾಕ್ಟರಮ್ಮ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಮೇಲಿನ, ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟಳು. ನೆಟ್ಟಗಿರುವ ಬಾಯಿಗೆ ಇಪ್ಪತ್ತು ಕಡ್ಡಿ ಹಿಡಿಯುತ್ತದೆ. ಇವನಿಗೆ ಹಿಡಿದದ್ದು ಹನ್ನೊಂದು.

"ಇವತ್ತೇ ತೆರೆದು ಕೀವು ತೆಗೀಬೇಕು" ಎಂದಳು. "ಆಮೇಲೆ ಬೇರು ಸ್ವಚ್ಛ ಮಾಡಿ ಹಲ್ಲು ಉಳಿಸೋಣ. ಬಿಟ್ರೆ ಇದು ನಾಲಿಗೆ ಕೆಳಗೆ ಹರಡುತ್ತೆ. ನಾಲಿಗೆ ಮೇಲೆದ್ದು ಉಸಿರು ಕಟ್ಟುತ್ತೆ."

"ಎಷ್ಟಾಗುತ್ತೆ?" ಎಂದು ಅವನು ಕಚ್ಚಿದ ಹಲ್ಲುಗಳ ನಡುವಿನಿಂದ ಕೇಳಿದ. ದನಿ ಸೀಳಿದ ಬಿದಿರಿನಂತೆ ಚುರುಕಾಗಿತ್ತು.

ಅವಳು ಹೇಳಿದಳು. ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಅವನ ಹೆಂಡತಿ "ಅಯ್ಯೋ, ಒಂದು ತಿಂಗಳ ಸಂಬಳ!" ಎಂದು ಬಾಯಿ ಮುಚ್ಚಿಕೊಂಡಳು. ಅವನು ಕಾಲು ಕೆಳಗಿಳಿಸಲು ಹೊರಟ. ಆಗಲೇ ಡಾಕ್ಟರಮ್ಮ ಮೊದಲನೇ ಡಬ್ಬಿ ಕೇಳಿದ್ದು.

ಗಿಳಿಯಕ್ಕ ಬೇರಿಗೆ ತುಂಬುವ ಔಷಧದ ಪೆಟ್ಟಿಗೆಯನ್ನು ತಟ್ಟೆಯಲ್ಲಿಟ್ಟು ತಂದಳು. ಡಾಕ್ಟರಮ್ಮ ಅರ್ಧ ಮೆಟ್ಟಿಲು ಹತ್ತಿ ಶುರುಮಾಡಿದಳು. "ನೋಡಿ, ನಿಮ್ಮ ಅದೃಷ್ಟ. ಇದರ ಅವಧಿ ಇದೇ ತಿಂಗಳು ಮುಗಿಯುತ್ತೆ..."

ಮಾತು ಮುಗಿಯುವ ಮೊದಲೇ ಅವನ ಕೈ ಪೆಟ್ಟಿಗೆಯ ಮೇಲಿತ್ತು. ಮುಂದೆ ನೋಡಲಿಲ್ಲ, ಹಿಂದೆ ನೋಡಲಿಲ್ಲ. ಹೆಬ್ಬೆರಳಿನಿಂದ ಒಂದೇ ತಿರುವು ತಿರುವಿ, ಅಂಚಿನ ಮಡಿಕೆಯಲ್ಲಿ ಒತ್ತಿದ ಸಣ್ಣ ಅಂಕಿಗಳನ್ನು ಕನ್ನಡಕವಿಲ್ಲದೆ ಓದಿದ.

"ಇನ್ನೂ ಎರಡು ವರ್ಷ ಇದೆ."



"ಅವರ ಮುಂದೆ ತಾರೀಖಿನ ಆಟ ನಡೆಯಲ್ಲ ಡಾಕ್ಟ್ರಮ್ಮ" ಎಂದಳು ಹೆಂಡತಿ, ಹೆಮ್ಮೆಯೋ ಭಯವೋ ತಿಳಿಯದ ಹಾಗೆ. "ಔಷಧದ ಗೋದಾಮಲ್ಲಿ ಅವಧಿ ಮುಗಿದ ಮಾಲು ಆರಿಸಿ ಎಸೆಯೋದೇ ಅವರ ಕೆಲಸ. ಇಪ್ಪತ್ತಾರು ವರ್ಷ ಆಯ್ತು. ಅಲ್ಲಿ ಎಲ್ರೂ ತಾರೀಖಪ್ಪ ಅಂತ್ಲೇ ಕರೆಯೋದು."

ಎಲ್ಲರ ಹಲ್ಲೂ ಎಣಿಸುವ ಡಾಕ್ಟರಮ್ಮ ಇವನ ಕೆಲಸವೇನೆಂದು ಮಾತ್ರ ಕೇಳಿರಲಿಲ್ಲ. ಚೀಟಿಯಲ್ಲಿ ಅವನು ಬರೆದಿದ್ದದ್ದು "ನೌಕರಿ" ಎಂದಷ್ಟೇ.

"ಸುಳ್ಳು ಯಾಕೆ ಹೇಳಿದ್ರಿ?" ತಾರೀಖಪ್ಪ ಕೇಳಿದ.

"ನೀವು... ಸುಮ್ಮನೆ ಮಾಡಿಕೊಡ್ತೀನಿ ಅಂದ್ರೆ ಒಪ್ತಿರಲಿಲ್ಲ, ಅದಕ್ಕೆ."

"ಬಿಟ್ಟಿ ಕೊಡೋದಕ್ಕೆ ಎರಡೇ ಕಾರಣ ಡಾಕ್ಟ್ರೇ. ಮಾಲು ಕೆಟ್ಟಿರಬೇಕು, ಇಲ್ಲ ಕೊಡೋನು ಕೆಟ್ಟಿರಬೇಕು. ಇಲ್ಲಿ ಮಾಲಂತೂ ಚೆನ್ನಾಗಿದೆ."

ಗಿಳಿಯಕ್ಕನಿಗೆ ನಗು ಬಂದು, ಜಾಗವಲ್ಲವೆಂದು ನುಂಗಿಕೊಂಡಳು. ಅವನು ಎದ್ದು ನಿಂತು ಅಂಗಿಯ ಕಾಲರು ಸರಿಮಾಡಿಕೊಂಡ. ಕಾಲರು ಊದಿದ ಜಾಗಕ್ಕೆ ತಾಗಿದಾಗ ಕಣ್ಣು ಕಿರಿದಾಯಿತು. "ತಾರೀಖು ಸುಳ್ಳು. ಹಾಗಾದ್ರೆ ಉಸಿರು ಕಟ್ಟುತ್ತೆ ಅಂದದ್ದು ಯಾವ ಲೆಕ್ಕ? ಅದಕ್ಕೆ ನಾನು ಯಾವ ಕಡೆ ತಿರುಗಿಸಿ ನೋಡ್ಲಿ?"

ಡಾಕ್ಟರಮ್ಮ ಹೇಳಿದ ಎರಡು ಮಾತಿನಲ್ಲಿ ಒಂದು ಬೆಲ್ಲದ್ದು, ಒಂದು ಬೆಂಕಿಯದ್ದು. ಬೆಲ್ಲದ ಜೊತೆ ಬೆಂಕಿಯನ್ನೂ ಇವನು ಕಸಕ್ಕೆ ಹಾಕುತ್ತಿದ್ದಾನೆ.

"ಅದು ನಿಜ" ಎಂದಳು. ತನ್ನ ಕಿವಿಗೇ ಅದು ಇನ್ನೊಂದು ಡಬ್ಬಿಯ ಹಾಗೆ ಕೇಳಿಸಿತು. "ನನ್ನ ಹತ್ರ ಬೇಡ. ದೊಡ್ಡಾಸ್ಪತ್ರೆಗೆ ಹೋಗಿ. ಆದ್ರೆ ಈಗಲೇ ಹೋಗಿ."

"ಎರಡು ಬಸ್ಸು, ಒಂದು ದಿನದ ಸರದಿ. ಎರಡು ಗಂಟೆಗೆ ನನ್ನ ಪಾಳಿ ಇದೆ." ಅವನು ಹೆಂಡತಿಯ ಕಡೆ ತಿರುಗಿದ. "ಏಳೇ."

"ರೀ, ಒಂಚೂರು..."

"ಏಳು ಅಂದೆ."

ಹೊರಕೋಣೆಯಲ್ಲಿ ಬೆಂಚು, ಗೋಡೆ ಗಡಿಯಾರ, ನಗುವ ಹಲ್ಲಿನ ಒಂದು ಚಿತ್ರ. ಊಟದ ಹೊತ್ತಾದ್ದರಿಂದ ಬೇರೆ ಯಾರೂ ಇರಲಿಲ್ಲ. ಗಡಿಯಾರ ಹನ್ನೆರಡೂ ನಲವತ್ತು ತೋರಿಸುತ್ತಿತ್ತು. ಡಾಕ್ಟರಮ್ಮ ಕಡ್ಡಿಗಳ ಕಟ್ಟು ಹಿಡಿದು ಅವನ ಹಿಂದೆಯೇ ಓಡಿಬಂದಳು.

"ಬಸ್ಸು ಎಷ್ಟೊತ್ತಿಗೆ?"

"ಒಂದೂ ಹತ್ತು."

"ಹಾಗಾದ್ರೆ ಅಲ್ಲಿವರೆಗೆ ಎಲ್ಲೋ ಒಂದು ಕಡೆ ಕೂರಲೇಬೇಕು. ಬಿಸಿಲಲ್ಲಿ ಕೂರೋ ಬದಲು ಇಲ್ಲಿ ಕೂತ್ಕೊಳ್ಳಿ. ನನ್ನ ಮಾತು ನಂಬಬೇಡಿ. ಈ ಕಡ್ಡಿ ನಂಬಿ. ನೀವೇ ಬಾಯಲ್ಲಿಟ್ಟು ನೀವೇ ಎಣಿಸಿ. ಒಂದೂ ಹತ್ತಕ್ಕೆ ಮತ್ತೆ ಎಣಿಸಿ. ಒಂದು ಕಡ್ಡಿ ಕಮ್ಮಿಯಾದ್ರೂ ಬಾವು ನಡೀತಿದೆ ಅಂತ ಅರ್ಥ. ಅಷ್ಟೇ ಇದ್ರೆ ಹೊರಡಿ, ನಾನು ಬಾಯಿ ಬಿಡಲ್ಲ."

ಎಣಿಕೆ ಎಂದೊಡನೆ ಅವನ ಕಣ್ಣಲ್ಲಿ ಏನೋ ಸಡಿಲವಾಯಿತು. ಕಡ್ಡಿಗಳನ್ನು ಒಂದೊಂದಾಗಿ ತಿರುಗಿಸಿ ದಪ್ಪ ಒಂದೇ ಇದೆಯೇ ಎಂದು ನೋಡಿದ. ಹಲ್ಲಿನ ನಡುವೆ ತೂರಿಸಿಕೊಂಡ. ತೆಗೆದು ಎಣಿಸಿದ. "ಹನ್ನೊಂದು." ಆ ಹನ್ನೊಂದನ್ನೂ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡ, ಯಾರಾದರೂ ಬದಲಿಸಿಯಾರೆಂಬಂತೆ.

ಆ ಅರ್ಧ ಗಂಟೆ ಕೀಲೆಣ್ಣೆ ಕಾಣದ ಚಕ್ರದ ಹಾಗೆ ಉರುಳಿತು. ಒಳಗೆ ಡಾಕ್ಟರಮ್ಮ ದೊಡ್ಡಾಸ್ಪತ್ರೆಗೆ ಫೋನು ಮಾಡಿ, ಕತ್ತಿನ ಬಾವಿನ ರೋಗಿ ಬರಬಹುದು, ಉಸಿರಿನ ಕೊಳವೆ ಸಿದ್ಧವಿರಲಿ ಎಂದಳು. "ಕಳಿಸ್ತೀರಾ, ಇಲ್ವಾ?" ಎಂದು ಆ ಕಡೆಯವರು ಕೇಳಿದರು. "ಒಂದೂ ಹತ್ತಕ್ಕೆ ಹೇಳ್ತೀನಿ" ಎಂದಾಗ ಆ ಕಡೆ ಯಾರೋ ನಕ್ಕರು.

ತಪ್ಪು ಮಾಡಿದೆನೇ? ಅರ್ಧ ಗಂಟೆ ಪಣಕ್ಕಿಡುವಷ್ಟು ಸಮಯ ಆ ಕತ್ತಿಗಿದೆಯೇ? ಬಾಗಿಲ ಸಂದಿಯಿಂದ ಇಣುಕಿದಳು. ಅವನು ನೆಟ್ಟಗೆ ಕೂತಿದ್ದ, ಎರಡೂ ಕೈ ಮೊಣಕಾಲ ಮೇಲೆ. ಉಸಿರು ಮೂಗಿನಿಂದಲೇ ಸಲೀಸಾಗಿ ಹೋಗುತ್ತಿತ್ತು. ಹೆಂಡತಿ ಕೊಟ್ಟ ನೀರನ್ನು ಕುಡಿದ. ಒಂದು ಗುಟುಕಿಗೆ ಎರಡು ಸಲ ಗಂಟಲು ಏರಿತು. ಅದು ನೋವಿಗೋ, ಬಾವು ಗಂಟಲಿಗೆ ಇಳಿದದ್ದಕ್ಕೋ? ಇನ್ನೊಮ್ಮೆ ಕುಡಿಯಲಿ ಎಂದು ಕಾದಳು. ಅವನು ಬಾಟಲಿ ಪಕ್ಕಕ್ಕಿಟ್ಟ.

"ಕಮ್ಮಿಯಾಗ್ಲಿ, ಒಂದೇ ಒಂದು ಕಡ್ಡಿ ಕಮ್ಮಿಯಾಗ್ಲಿ" ಎಂದು ಮನಸ್ಸು ಜಪಿಸುತ್ತಿತ್ತು. ಹದಿನೆಂಟು ವರ್ಷ ಹಲ್ಲು ನೋಡಿದವಳು ರೋಗಿಯ ಬಾವು ಏರಲೆಂದು ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ಹೊಳೆದು ನಾಚಿಕೆಯಾಯಿತು. ಬೇಡಿಕೊಳ್ಳುವುದನ್ನು ಮಾತ್ರ ಬಿಡಲಾಗಲಿಲ್ಲ.

ಒಂದೂ ಎಂಟಕ್ಕೆ ತಾರೀಖಪ್ಪ ಜೇಬಿನಿಂದ ಕಡ್ಡಿ ತೆಗೆದ. ಎಂಟು ಸಲೀಸಾಗಿ ಹೋದವು. ಒಂಬತ್ತು. ಹತ್ತನೆಯದಕ್ಕೆ ಹಣೆಯ ಮೇಲೆ ಬೆವರು ಮೂಡಿತು. ಹನ್ನೊಂದನೆಯದನ್ನು ಅಂಗೈಯಿಂದ ಗುದ್ದಿ ಗುದ್ದಿ ತಳ್ಳಿದ. ಎರಡೂ ಕಣ್ಣಿಂದ ನೀರು ದಳದಳ ಇಳಿಯಿತು. ಹೋಯಿತು. ಕಿತ್ತು ತೆಗೆದು ಅಂಗೈಯಲ್ಲಿ ಹರಡಿ ತೋರಿಸಿದ. ಮೇಲಿನ ಕಡ್ಡಿಗೆ ಕೆಂಪು ಅಂಟಿತ್ತು.

"ಹನ್ನೊಂದೇ" ಎಂದ.

ಗುದ್ದಿದ ಹನ್ನೊಂದು, ಹಿಡಿದ ಹನ್ನೊಂದು ಎರಡೂ ಒಂದೇ ಅಲ್ಲ. ಡಾಕ್ಟರಮ್ಮನಿಗೆ ಅದು ಗೊತ್ತು. ಆದರೆ ಪಂದ್ಯದ ನಿಯಮ ಹಾಕಿದವಳು ಅವಳೇ. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ಹಿಂದಕ್ಕೆ ತಳ್ಳಿ, "ಹೌದು, ಹನ್ನೊಂದೇ" ಎಂದಳು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು.

ಅವನು ಎದ್ದ. ಹೆಂಡತಿ ಚೀಲ ತೆಗೆದುಕೊಂಡಳು.

"ಅಮ್ಮಾ, ಒಂದು ನಿಮಿಷ" ಎಂದಳು ಗಿಳಿಯಕ್ಕ. ಇಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದವಳು ಮುಂದೆ ಬಂದಳು. "ಇದನ್ನ ಕೇಳಿಸ್ಕೊಳ್ಳಿ. ಇವರು ಆಗ ಒಳಗೆ ಮಾತಾಡಿದ್ದು."

ಅವಳು ದವಡೆ ಬಿಗಿದಳು. ಸೀಳಿದ ಬಿದಿರಿನ ದನಿ ಹೊರಬಂತು: "ಬಿಟ್ಟಿ ಕೊಡೋದಕ್ಕೆ ಎರಡೇ ಕಾರಣ ಡಾಕ್ಟ್ರೇ!"

ಎಷ್ಟು ಥೇಟಾಗಿತ್ತೆಂದರೆ ಹೆಂಡತಿ ತಿರುಗಿ ಗಂಡನ ಮುಖ ನೋಡಿದಳು. ಅವನ ಮುಖ ಕೆಂಪಾಗಿತ್ತು. "ಅಣಕಿಸ್ತೀಯಾ?"

"ಸಿಟ್ಟು ಆಮೇಲೆ ಮಾಡ್ಕೊಳ್ಳಿ ಅಣ್ಣ. ಅಮ್ಮಾ, ಈಗ ಅಂದ್ರಲ್ಲ, ಅದು ಹೀಗೆ." ಗಿಳಿಯಕ್ಕ ನಾಲಿಗೆಯನ್ನು ಗಂಟಲಿಗೆ ಎಳೆದುಕೊಂಡಳು. ಬಾಯೊಳಗೆ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ, ದುಂಡಗೆ, ಒದ್ದೆಯಾಗಿ, ಎಲ್ಲೋ ಬಾವಿಯ ತಳದಿಂದ ಬಂತು: "ಹನ್ನೊಂದೇ."

ಅವಳು ಮತ್ತೆ ಮೊದಲನೆಯದನ್ನು ಮಾಡಿದಳು. ಮತ್ತೆ ಎರಡನೆಯದನ್ನು. "ಅರ್ಧ ಗಂಟೆ ಹಿಂದೆ ಇವರ ದನಿ ನನ್ನ ಗಂಟಲಲ್ಲಿ ಸರಿಯಾಗಿ ಕೂತಿತ್ತು. ಈಗ ಅದೇ ದನೀಲಿ ಹನ್ನೊಂದು ಅನ್ನೋಕೆ ಹೋದ್ರೆ ಹೊಂದ್ತಾ ಇಲ್ಲ. ನಾಲಿಗೆಗೆ ಒಳಗೆ ಜಾಗ ಕಮ್ಮಿ ಮಾಡಿಕೊಂಡ್ರೆ ಮಾತ್ರ ಹೊಂದುತ್ತೆ."

ಡಾಕ್ಟರಮ್ಮ ಪುಸ್ತಕದಲ್ಲಿ ಈ ದನಿಯ ಬಗ್ಗೆ ಓದಿದ್ದಳು. ಕಡ್ಡಿ ಎಣಿಸುವ ಭರದಲ್ಲಿ ಅವಳ ಕಿವಿ ಕೆಲಸ ಬಿಟ್ಟಿತ್ತು.

ಹೆಂಡತಿ ಚೀಲವನ್ನು ಕೆಳಗಿಟ್ಟಳು. "ರೀ, ಮಾತಾಡಿ."

"ಏನು ಮಾತಾಡೋದು, ಬಸ್ಸು..."

"ಮೂವತ್ತು ವರ್ಷದಿಂದ ಈ ಗಂಟಲಿಂದ ಬೈಸಿಕೊಂಡಿದೀನಿ ನಾನು. ಇದು ನಿಮ್ಮ ಗಂಟಲಲ್ಲ!" ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಎಲ್ಲದಕ್ಕೂ ತಪಾಸಣೆ ಮಾಡ್ತೀರಲ್ಲ, ಇದಕ್ಕೂ ಮಾಡಿ. ಆಗ ಅಂದದ್ದನ್ನೇ ಇನ್ನೊಂದ್ಸಲ ಅನ್ನಿ."

ಬಸ್ಸು ಇನ್ನೊಮ್ಮೆ ಹಾರನ್ನು ಹೊಡೆಯಿತು. ತಾರೀಖಪ್ಪ ಹೆಂಡತಿಯನ್ನು, ಗಿಳಿಯಕ್ಕನನ್ನು ದುರುಗುಟ್ಟಿ ನೋಡಿದ. ಆಮೇಲೆ, ತನ್ನನ್ನೇ ಸುಳ್ಳುಗಾರನೆಂದು ಯಾರೂ ಅನ್ನಬಾರದೆಂಬಂತೆ, ಶುರುಮಾಡಿದ. "ಬಿಟ್ಟಿ ಕೊಡೋದಕ್ಕೆ ಎರಡೇ..." ನಿಲ್ಲಿಸಿದ. ಉಗುಳು ನುಂಗಲು ನೋಡಿದ. ಅದು ಹೋಗದೆ ತುಟಿಯ ಮೂಲೆಯಿಂದ ಅಂಗಿಯ ಮೇಲೆ ಇಳಿಯಿತು. ಒದ್ದೆಯಾದ ಜಾಗವನ್ನು ನೋಡಿದ. ಆ ವಾಕ್ಯವನ್ನು ಮುಗಿಸಲಿಲ್ಲ.

ಬಸ್ಸು ಹೊರಟ ಸದ್ದು ಕೇಳಿತು.

"ಸುಳ್ಳು ಬೇಡ" ಎಂದ, ಆ ಹೊಸ ದನಿಯಲ್ಲಿ.

"ಇಲ್ಲ" ಎಂದಳು ಡಾಕ್ಟರಮ್ಮ.

"ನೋಯುತ್ತಾ?"

ಇರುವೆ ಕಚ್ಚಿದ ಹಾಗೆ ಎನ್ನುವುದು ಹಲ್ಲಿನವರೆಲ್ಲರ ಬಾಯಿಪಾಠ. "ನೋಯುತ್ತೆ. ಕೀವಿರೋ ಕಡೆ ಮರಗಟ್ಟಿಸೋ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲ. ಕೂಗಬೇಕು ಅನ್ನಿಸಿದ್ರೆ ಕೂಗಿ."

"ಆಮೇಲೆ?"

"ಒಂದು ಗಂಟೇಲಿ ನಾಲಿಗೆ ಕೆಳಗಿಳೀದಿದ್ರೆ ದೊಡ್ಡಾಸ್ಪತ್ರೆ. ಕತ್ತು ಹೊರಗಿಂದ ಕೊಯ್ಯಬೇಕಾಗಬಹುದು. ಆಂಬುಲೆನ್ಸ್ ಗಾಡಿಗೆ ಈಗಲೇ ಹೇಳ್ತೀನಿ. ಇವತ್ತಿಂದಕ್ಕೆ ದುಡ್ಡು ತಗೊಳ್ಳಲ್ಲ. ಕಂಪನಿಯೂ ಇಲ್ಲ, ಪುಣ್ಯಾತ್ಮನೂ ಇಲ್ಲ, ನಾನೇ ಬಿಡ್ತಿರೋದು."

"ಯಾಕೆ?"

"ನೀವು ಬಸ್ಸಲ್ಲಿ ಸತ್ರೆ ಜನ್ಮದಲ್ಲಿ ನನಗೆ ನಿದ್ದೆ ಬರಲ್ಲ. ಅದಕ್ಕೆ."

ಅವನು ಅದನ್ನು ತೂಗಿ ನೋಡಿದ. ಒಳಗೆ ಹೋಗಿ ಕುರ್ಚಿಯಲ್ಲಿ ಕೂತ.

ಡಾಕ್ಟರಮ್ಮ ಕುರ್ಚಿಯನ್ನು ನೆಟ್ಟಗೇ ಇರಿಸಿದಳು. ಒರಗಿಸಿದರೆ ನಾಲಿಗೆ ಹಿಂದಕ್ಕೆ ಬೀಳುವ ಹೆದರಿಕೆ. ಎರಡು ಕಡೆ ಇಂಜೆಕ್ಷನ್ ಕೊಟ್ಟಳು. ದೀಪ ಎಳೆದಳು. ಹನ್ನೊಂದು ಕಡ್ಡಿಯಷ್ಟು ಸಂದಿಯೂ ಈಗ ಉಳಿದಿರಲಿಲ್ಲ. ಚಾಕುವಿನ ಅಲಗು, ಅವಳ ಬೆರಳು, ಗಿಳಿಯಕ್ಕನ ಕೊಳವೆ ಮೂರೂ ಒಂದೇ ಕಿಂಡಿಯಲ್ಲಿ ತೂರಬೇಕು. ಒಸಡಿನ ಬುಡದಲ್ಲಿ ಕೊಯ್ದಳು. ಏನೂ ಬರಲಿಲ್ಲ. ಅವನು ಕೂಗಲಿಲ್ಲ, ಕುರ್ಚಿಯ ಕೈಯನ್ನು ಹಿಡಿದ ಬೆರಳುಗಳು ಬಿಳಿಚಿಕೊಂಡವು. ಇನ್ನೂ ಒಳಗೆ, ಮೂಳೆಯ ಮಗ್ಗುಲಿಗೆ ಇಕ್ಕಳದ ತುದಿಯನ್ನು ನಡೆಸಿ ಅದರ ಬಾಯಗಲಿಸಿದಳು. ಏನೂ ಇಲ್ಲ.

"ಮೇಡಮ್, ಉಸಿರು ಸೀಟಿ ಹೊಡೀತಿದೆ" ಎಂದಳು ಗಿಳಿಯಕ್ಕ ಮೆಲ್ಲಗೆ.

"ಕೇಳಿಸ್ತು."

ಕೂದಲೆಳೆಯಷ್ಟು ಹಿಂದಕ್ಕೆ, ನಾಲಿಗೆಯ ಬದಿಗೆ ತಿರುಗಿಸಿದಳು. ತುದಿ ಒಂದು ಕಡೆ ಸಟಕ್ಕನೆ ಕುಸಿಯಿತು. ಕೊಳೆತ ವಾಸನೆ ಮೊದಲು, ಅದರ ಬೆನ್ನಿಗೆ ಹಳದಿ ಕೀವು ಬುಳಬುಳ ಬಂತು. ಕೊಳವೆ ಗಟಗಟ ಕುಡಿಯಿತು. ಆಗ ಅವನು ಕೂಗಿದ. ಬೀದಿಗೆ ಕೇಳುವಂತೆ, ಒಂದೇ ಉಸಿರಿನಲ್ಲಿ, ಚಿಟ್ಟನೆ. ಹೊರಗೆ ಹೆಂಡತಿ "ಅಬ್ಬ, ಇದು ಇವರದೇ!" ಎಂದು ಗೋಡೆ ಹಿಡಿದು ಕೂತಳು.

ಗಾಡಿ ಬಂದು ಮುಕ್ಕಾಲು ಗಂಟೆ ಬಾಗಿಲಲ್ಲಿ ನಿಂತು, ಖಾಲಿಯೇ ಹೋಯಿತು.

ಐದನೇ ದಿನ ತಾರೀಖಪ್ಪ ಒಬ್ಬನೇ ಬಂದ. ಮಾತ್ರೆಯ ಖಾಲಿ ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟ, ಒಂದೂ ಉಳಿದಿಲ್ಲವೆಂದು ತೋರಿಸಲು. ಬಾವು ಇಳಿದಿತ್ತು. ಬಾಯಿ ಧಾರಾಳವಾಗಿ ತೆರೆಯಿತು.

ಡಾಕ್ಟರಮ್ಮ ಎಕ್ಸ್‌ರೇ ದೀಪಕ್ಕೆ ಹಿಡಿದು ತೋರಿಸಿದಳು. "ನೋಡಿ, ಬೇರು ಎರಡೂ ಗಟ್ಟಿ ಇದಾವೆ. ಇದು ಉಳಿಯೋ ಹಲ್ಲು. ಬೇರು ಸ್ವಚ್ಛ ಮಾಡಿ ಮೇಲೆ ಲೋಹದ ಟೋಪಿ ಹಾಕಿದ್ರೆ ಇನ್ನು ಇಪ್ಪತ್ತು ವರ್ಷ ಅಗೀಬಹುದು."

"ಅದಕ್ಕೆ ಅವತ್ತು ಹೇಳಿದ್ದೇ ರೇಟಾ?"

"ಅದೇ."

"ಕೀಳೋದಕ್ಕೆ?"

ಹೇಳಿದಳು. ಅವನು ಜೇಬು ಮುಟ್ಟಿ ನೋಡಿಕೊಂಡ. "ಕೀಳಿ."

"ನಾನು ಬೇರಿನ ಕೆಲಸಾನೂ..."

"ಬೇಡ ಡಾಕ್ಟ್ರೇ." ಮಾತು ಚುರುಕಾಗಿತ್ತು, ಒರಟಾಗಿರಲಿಲ್ಲ. "ಅವತ್ತಿಂದು ಜೀವದ್ದು. ಅದಕ್ಕೆ ಬೆಲೆ ಕಟ್ಟೋಕೆ ನನಗೆ ಬರಲ್ಲ, ಸುಮ್ಮನೆ ತಗೊಂಡೆ. ಇದು ಬರೀ ಹಲ್ಲು. ಇದಕ್ಕೆ ರೇಟಿದೆ."

ಡಾಕ್ಟರಮ್ಮ ಗಿಳಿಯಕ್ಕನ ಕಡೆ ನೋಡಿದಳು. ಗಿಳಿಯಕ್ಕ ಅಲಮಾರಿಯ ಮುಂದೆ ಕಾದು ನಿಂತಿದ್ದಳು, ಎರಡನೇ ಡಬ್ಬಿ ಎನ್ನುತ್ತಾಳೋ ಮೂರನೆಯದು ಎನ್ನುತ್ತಾಳೋ ಎಂದು.

"ಇಕ್ಕಳ ಕೊಡಿ ಅಕ್ಕಾ" ಎಂದಳು ಡಾಕ್ಟರಮ್ಮ.

ಇಂಜೆಕ್ಷನ್ ಈ ಸಲ ಚೆನ್ನಾಗಿ ಹಿಡಿಯಿತು. ಹಲ್ಲನ್ನು ಇಕ್ಕಳದಲ್ಲಿ ಕಚ್ಚಿಸಿ ಆ ಕಡೆ ಒತ್ತಿದಳು, ಈ ಕಡೆ ಒತ್ತಿದಳು. ಬೇರು ಕೆಟ್ಟ ಹಲ್ಲಾಗಿದ್ದರೆ ಎರಡು ನಿಮಿಷದ ಕೆಲಸ. ಇದು ಅಲುಗಲಿಲ್ಲ. ಎರಡೂ ಬೇರು ಮೂಳೆಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದವು. ಅವಳು ಕಾಲು ಅಗಲಿಸಿ ನಿಂತು, ಭುಜದ ಬಲ ಹಾಕಿದಳು. ಮುಖಗವಸಿನೊಳಗೆ ಉಸಿರು ಬಿಸಿಯಾಯಿತು.

"ನೋಯ್ತಿದೆಯಾ?" ಎಂದು ಕೇಳಿದಳು.

ಅವನು ಇಲ್ಲವೆಂದು ಬೆರಳಾಡಿಸಿದ. ಅವಳು ಇನ್ನೊಮ್ಮೆ ಒತ್ತಿದಳು.